ಮಂಜು ಕುಡಿಯುವ ಮರುಭೂಮಿ

ನಿಮ್ಮ ತರಗತಿಯ ಗೋಡೆಯ ಮೇಲಿರುವ ಪ್ರಪಂಚದ ಭೂಪಟವನ್ನು ನೋಡಿರಿ. ಆಫ್ರಿಕಾ ಖಂಡದ ನೈಋತ್ಯ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ತಾಗಿಕೊಂಡು ನಮೀಬಿಯಾ ಎಂಬ ದೇಶವಿದೆ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ನಾಲ್ಕು ಪಟ್ಟಿಗಿಂತಲೂ ದೊಡ್ಡದು. ಆದರೆ ಅಲ್ಲಿನ ಜನಸಂಖ್ಯೆ ಸುಮಾರು 30 ಲಕ್ಷ ಮಾತ್ರ! ಇಷ್ಟು ದೊಡ್ಡ ದೇಶದಲ್ಲಿ ಇಷ್ಟು ಕಡಿಮೆ ಜನರಿರಲು ಕಾರಣವೇನು? ಮುಖ್ಯ ಕಾರಣ ನೀರಿನ ಕೊರತೆ.

ಆ ದೇಶದ ಕರಾವಳಿಯ ಉದ್ದಕ್ಕೂ ನಮೀಬ್ ಮರುಭೂಮಿ ಹಬ್ಬಿದೆ. ಉತ್ತರದ ಅಂಗೋಲಾದಿಂದ ದಕ್ಷಿಣ ಆಫ್ರಿಕಾದವರೆಗೆ ಇದರ ಉದ್ದ ಸುಮಾರು 2000 ಕಿ.ಮೀ. ಜಗತ್ತಿನ ಅತಿ ಹಳೆಯ ಮರುಭೂಮಿಗಳಲ್ಲಿ ಇದೂ ಒಂದು. ಕಡಲ ತೀರದಲ್ಲಿ ಇಡೀ ವರ್ಷ ಬೀಳುವ ಮಳೆಯನ್ನು ಒಂದು ಪಾತ್ರೆಯಲ್ಲಿ ಹಿಡಿದರೆ ನೀರು 20 ಮಿ.ಮೀ. ಎತ್ತರಕ್ಕೂ ಬರುವುದಿಲ್ಲ. ಅಂದರೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು! ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳಲ್ಲೂ ಇದರ ಇಪ್ಪತ್ತು ಪಟ್ಟು ಮಳೆಯಾಗುತ್ತದೆ.

ಆದರೂ ಅಲ್ಲಿ ಜೀರುಂಡೆಗಳಿವೆ, ಹಾವುಗಳಿವೆ, ಜಿಂಕೆಯಂತಹ ಪ್ರಾಣಿಗಳಿವೆ, ಆನೆಗಳೂ ಇವೆ. ಅವುಗಳಿಗೆ ನೀರು ಎಲ್ಲಿಂದ ಬರುತ್ತದೆ? ಬನ್ನಿ, ಈ ಪ್ರಶ್ನೆಯನ್ನು ಇಟ್ಟುಕೊಂಡು ಒಂದು ಜೀಪಿನಲ್ಲಿ ಕುಳಿತು ನಮೀಬಿಯಾವನ್ನು ಸುತ್ತಿಬರೋಣ. ರಾಜಧಾನಿ ವಿಂಡ್‌ಹುಕ್‌ನಿಂದ ಹೊರಟು, ನೈಋತ್ಯದ ಮರಳು ದಿಬ್ಬಗಳಿಗೆ ಇಳಿದು, ಕರಾವಳಿಯನ್ನು ಮುಟ್ಟಿ, ಅಲ್ಲಿಂದ ಉತ್ತರಕ್ಕೆ ಹೋಗೋಣ. ಜೀಪಿನಲ್ಲಿ ಎರಡು ಹೆಚ್ಚುವರಿ ಚಕ್ರಗಳು, ಡೀಸೆಲ್ ಡಬ್ಬಿಗಳು ಮತ್ತು ಬೇಕಾದಷ್ಟು ಕುಡಿಯುವ ನೀರು ಇರಲೇಬೇಕು. ಏಕೆಂದರೆ ದಾರಿಯಲ್ಲಿ ಗಂಟೆಗಟ್ಟಲೆ ಒಂದು ಮನೆಯೂ ಕಾಣದಿರಬಹುದು.

ಕೆಂಪು ಮರಳಿನ ದಿಬ್ಬಗಳು

ನಮ್ಮ ಮೊದಲ ನಿಲುಗಡೆ ಸೊಸುಸ್‌ವ್ಲೇ. ಇಲ್ಲಿನ ಕೆಲವು ಮರಳು ದಿಬ್ಬಗಳು 300 ಮೀಟರಿಗೂ ಎತ್ತರವಾಗಿವೆ. ಈ ಮರಳು ಬಂದದ್ದು ಬಹು ದೂರದಿಂದ. ದಕ್ಷಿಣದ ಆರೆಂಜ್ ನದಿ ಅದನ್ನು ಸಮುದ್ರಕ್ಕೆ ತಂದು ಹಾಕಿತು. ಅಲೆಗಳು ಮತ್ತು ಪ್ರವಾಹ ಅದನ್ನು ಉತ್ತರಕ್ಕೆ ತಳ್ಳಿದವು. ಆಮೇಲೆ ಗಾಳಿ ಅದನ್ನು ದಡದಿಂದ ಒಳನಾಡಿಗೆ ಹೊತ್ತು ತಂದಿತು. ಮರಳಿನ ಕಣಗಳ ಮೇಲಿರುವ ಕಬ್ಬಿಣದ ಆಕ್ಸೈಡ್‌ನಿಂದಾಗಿ ದಿಬ್ಬಗಳಿಗೆ ಕೆಂಪು ಬಣ್ಣ ಬಂದಿದೆ. ತುಕ್ಕು ಹಿಡಿದ ಮೊಳೆಯ ಬಣ್ಣವೂ ಇದೇ ಅಲ್ಲವೇ?

ಇಲ್ಲಿ ಚಾಲಕರು ಜೀಪಿನ ಚಕ್ರಗಳಿಂದ ಸ್ವಲ್ಪ ಗಾಳಿಯನ್ನು ಹೊರಬಿಡುತ್ತಾರೆ. ಏಕೆ ಗೊತ್ತೇ? ಗಾಳಿ ಕಡಿಮೆಯಾದಾಗ ಟಯರು ಚಪ್ಪಟೆಯಾಗಿ ಹೆಚ್ಚು ಮರಳನ್ನು ಮುಟ್ಟುತ್ತದೆ. ಜೀಪಿನ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಮರಳಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಚಕ್ರ ಹೂತುಹೋಗುವುದಿಲ್ಲ. ಒಂಟೆಯ ಅಗಲವಾದ ಪಾದದ ಗುಟ್ಟೂ ಇದೇ.

ದಿಬ್ಬಗಳ ನಡುವೆ ಡೆಡ್‌ವ್ಲೇ ಎಂಬ ಬಿಳಿಯ ಬಯಲಿದೆ. ಅಲ್ಲಿ ಎಲೆಯಿಲ್ಲದ ಕಪ್ಪು ಮರಗಳು ನಿಂತಿವೆ. ಹಿಂದೆ ಅಲ್ಲಿಗೆ ಒಂದು ಹೊಳೆಯ ನೀರು ಬರುತ್ತಿತ್ತು. ಮರಳು ದಿಬ್ಬಗಳು ದಾರಿಗೆ ಅಡ್ಡವಾದಾಗ ನೀರು ನಿಂತಿತು, ಮರಗಳು ಸತ್ತವು. ಇದು ನಡೆದದ್ದು ಆರೇಳು ನೂರು ವರ್ಷಗಳ ಹಿಂದೆ! ನಮ್ಮ ಊರಿನಲ್ಲಿ ಒಣಮರ ಕೆಲವೇ ವರ್ಷಗಳಲ್ಲಿ ಗೆದ್ದಲು ಹಿಡಿದು, ಕೊಳೆತು ಮಣ್ಣಾಗುತ್ತದೆ. ಕೊಳೆಯಿಸುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳಿಗೂ ತೇವ ಬೇಕು. ಇಲ್ಲಿ ಅದೂ ಇಲ್ಲದ್ದರಿಂದ ಸತ್ತ ಮರಗಳು ಹಾಗೆಯೇ ಉಳಿದಿವೆ.

ದಿಬ್ಬದ ಬುಡದಲ್ಲಿ ನೇರವಾದ ಉದ್ದ ಕೊಂಬುಗಳ ಒಂದು ಪ್ರಾಣಿ ನಿಂತಿದೆ ನೋಡಿ. ಅದೇ ಓರಿಕ್ಸ್. ನಮೀಬಿಯಾದ ರಾಷ್ಟ್ರಲಾಂಛನದಲ್ಲಿ ಇದರ ಚಿತ್ರವಿದೆ. ಸೆಖೆಯಾದಾಗ ನಾವು ಬೆವರುತ್ತೇವೆ. ಬೆವರು ಆವಿಯಾಗಿ ಮೈ ತಂಪಾಗುತ್ತದೆ, ಆದರೆ ದೇಹದ ನೀರು ಖರ್ಚಾಗುತ್ತದೆ. ಓರಿಕ್ಸ್ ನೀರನ್ನು ಹೀಗೆ ಖರ್ಚು ಮಾಡಲು ಅವಸರಪಡುವುದಿಲ್ಲ. ತನ್ನ ಮೈಯ ಉಷ್ಣತೆ ಕೆಲವು ಡಿಗ್ರಿ ಏರಲು ಬಿಟ್ಟು, ರಾತ್ರಿಯ ತಂಪಿನಲ್ಲಿ ಆ ಶಾಖವನ್ನು ಹೊರಹಾಕುತ್ತದೆ. ನೀರು ಸಿಗದಿದ್ದಾಗ ಕಾಡು ಕಲ್ಲಂಗಡಿ, ಗೆಡ್ಡೆ ಮುಂತಾದವನ್ನು ತಿಂದು ಅವುಗಳ ರಸದಿಂದಲೇ ಬದುಕುತ್ತದೆ.

ತಲೆಕೆಳಗಾಗಿ ನಿಲ್ಲುವ ಜೀರುಂಡೆ

ಇನ್ನು ವಾಯವ್ಯಕ್ಕೆ, ಕುಯಿಸೆಬ್ ನದಿಯ ಕಡೆಗೆ ಹೋಗೋಣ. ವರ್ಷದ ಹೆಚ್ಚು ಕಾಲ ಇದರಲ್ಲಿ ಹರಿಯುವುದು ಬರೀ ಗಾಳಿ! ಆದರೆ ಅಪರೂಪಕ್ಕೆ ಬರುವ ಪ್ರವಾಹ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದಲೇ ದಕ್ಷಿಣದ ಮರಳು ದಿಬ್ಬಗಳು ನದಿ ದಾಟಿ ಉತ್ತರಕ್ಕೆ ಬರಲಾಗಿಲ್ಲ. ಈ ನದಿಯ ದಡದಲ್ಲಿ ಗೊಬಾಬೆಬ್ ಎಂಬ ಸಂಶೋಧನಾ ಕೇಂದ್ರವಿದೆ. ಕೀಟವಿಜ್ಞಾನಿ ಚಾರ್ಲ್ಸ್ ಕಾಕ್ ಇದನ್ನು 1962ರಲ್ಲಿ ಆರಂಭಿಸಿದರು.

ಇಲ್ಲಿ ಬೆಳಗಿನ ಜಾವ ದಟ್ಟವಾದ ಮಂಜು ಕವಿಯುತ್ತದೆ. ಮರುಭೂಮಿಯಲ್ಲಿ ಮಂಜೇ? ಹೌದು. ಕರಾವಳಿಯ ಪಕ್ಕದಲ್ಲಿ ಬೆಂಗ್ವೆಲಾ ಎಂಬ ತಣ್ಣನೆಯ ಸಾಗರ ಪ್ರವಾಹ ಹರಿಯುತ್ತದೆ. ಅದರ ಮೇಲೆ ಬೀಸುವ ಗಾಳಿ ತಂಪಾಗಿ, ಗಾಳಿಯಲ್ಲಿನ ನೀರಾವಿ ಸಣ್ಣ ಸಣ್ಣ ಹನಿಗಳಾಗುತ್ತದೆ. ಇದೇ ಮಂಜು. ತಂಪಾದ ಗಾಳಿ ಭಾರವಾದ್ದರಿಂದ ಮೇಲಕ್ಕೇರುವುದಿಲ್ಲ. ಗಾಳಿ ಮೇಲಕ್ಕೇರದಿದ್ದರೆ ಮಳೆಮೋಡ ಕಟ್ಟುವುದಿಲ್ಲ. ನೋಡಿದಿರಾ? ಮಳೆಯನ್ನು ತಡೆಯುವ ತಣ್ಣನೆಯ ಸಮುದ್ರವೇ ಮಂಜನ್ನು ಕಳುಹಿಸುತ್ತದೆ! ಕರಾವಳಿಯಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಮಂಜಿರುತ್ತದೆ. ಕೆಲವು ದಿನ ಅದು 50 ಕಿ.ಮೀ.ಗಿಂತಲೂ ಒಳಗೆ ಬರುತ್ತದೆ.

ಮಂಜು ಬಂದ ಬೆಳಿಗ್ಗೆ ಒಂದು ಜಾತಿಯ ಕಪ್ಪು ಜೀರುಂಡೆಗಳು ಮರಳಿನಿಂದ ಎದ್ದು ದಿಬ್ಬದ ನೆತ್ತಿಗೆ ಹತ್ತುತ್ತವೆ. ಗಾಳಿ ಬರುವ ಕಡೆಗೆ ಮುಖ ಮಾಡಿ, ತಲೆಯನ್ನು ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ನಿಲ್ಲುತ್ತವೆ. ಬೆನ್ನಿನ ಮೇಲೆ ಮಂಜಿನ ಹನಿಗಳು ಕೂಡಿಕೊಂಡು ದೊಡ್ಡದಾಗಿ, ಜಾರಿ ನೇರವಾಗಿ ಬಾಯಿಗೆ ಬರುತ್ತವೆ. ವಿಲಿಯಂ ಹ್ಯಾಮಿಲ್ಟನ್ ಮತ್ತು ಮೇರಿ ಸೀಲಿ ಎಂಬ ವಿಜ್ಞಾನಿಗಳು 1976ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಅವರು ಜೀರುಂಡೆಗಳನ್ನು ಮಂಜಿಗೆ ಮುಂಚೆ ಮತ್ತು ಅನಂತರ ತೂಗಿ ನೋಡಿದರು. ಒಂದು ಜೀರುಂಡೆಯಂತೂ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ನೀರನ್ನು ಒಂದೇ ಬಾರಿಗೆ ಕುಡಿದಿತ್ತು! 30 ಕೆ.ಜಿ. ತೂಕದ ಹುಡುಗ ಒಂದೇ ಬೆಳಿಗ್ಗೆ 10 ಲೀಟರ್ ನೀರು ಕುಡಿದಂತೆ.

ಇನ್ನೊಂದು ಜಾತಿಯ ಜೀರುಂಡೆ ಮರಳಿನಲ್ಲಿ ಪುಟ್ಟ ಬದುಗಳನ್ನು ಕಟ್ಟುತ್ತದೆ. ಬದುವಿನ ಏರಿಗೆ ಮಂಜಿನ ತೇವ ಅಂಟುತ್ತದೆ. ಅದನ್ನು ಹೀರುತ್ತಾ ಸಾಗುತ್ತದೆ. ಮರಳಿನಲ್ಲಿ ಹುದುಗಿ ಕಣ್ಣನ್ನು ಮಾತ್ರ ಹೊರಗಿಟ್ಟು ಕಾಯುವ ಒಂದು ಮಂಡಲದ ಹಾವು ತನ್ನ ಮೈಮೇಲೆ ಕುಳಿತ ಹನಿಗಳನ್ನೇ ನೆಕ್ಕುತ್ತದೆ. ಹಗಲಿನಲ್ಲಿ ಮರಳಿನ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆಗ ಒಂದು ಬಗೆಯ ಹಲ್ಲಿ ಎರಡೆರಡೇ ಕಾಲುಗಳನ್ನು ಎತ್ತಿ ಕುಣಿಯುವಂತೆ ನಿಲ್ಲುತ್ತದೆ. ಅದೂ ಸಾಲದಾದರೆ ಮರಳಿನೊಳಕ್ಕೆ ನುಗ್ಗುತ್ತದೆ.

ದಾರಿ ಬಿಟ್ಟು ಇಳಿಯಬಾರದು

ಕರಾವಳಿಯ ಪಟ್ಟಣ ಸ್ವಾಕೋಪ್‌ಮುಂಡ್‌ನ ಸುತ್ತ ಜಲ್ಲಿ ಹರಡಿದಂತಹ ಬಯಲುಗಳಿವೆ. ಏನೂ ಇಲ್ಲದ ಬರಡು ನೆಲದಂತೆ ಅವು ಕಾಣುತ್ತವೆ. ಆದರೆ ಬಗ್ಗಿ ನೋಡಿದರೆ ಕಲ್ಲುಗಳ ಮೇಲೆ ಬೂದು, ಕಿತ್ತಳೆ, ಕಪ್ಪು ಬಣ್ಣದ ಸಿಪ್ಪೆಯಂತಹ ಜೀವಿಗಳಿವೆ. ಅವೇ ಕಲ್ಲುಹೂವುಗಳು. ನಿಮ್ಮ ಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವೂ ಇದೇ ಗುಂಪಿಗೆ ಸೇರಿದ್ದು. ಶಿಲೀಂಧ್ರ ಮತ್ತು ಪಾಚಿ ಒಟ್ಟಾಗಿ ನಡೆಸುವ ಸಹಜೀವನವೇ ಕಲ್ಲುಹೂವು. ಶಿಲೀಂಧ್ರ ಮನೆ ಕಟ್ಟಿ ತೇವ ಹಿಡಿದಿಡುತ್ತದೆ, ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಇವಕ್ಕೂ ಮಂಜೇ ನೀರು.

ಮಂಜಿರುವ ಕೆಲವು ಗಂಟೆ ಮಾತ್ರ ಬೆಳೆಯುವ ಇವುಗಳ ಬೆಳವಣಿಗೆ ಬಹಳ ನಿಧಾನ. ಈಗ ಯೋಚಿಸಿ. ಒಬ್ಬ ಪ್ರವಾಸಿ ಒಳ್ಳೆಯ ಚಿತ್ರ ತೆಗೆಯಲೆಂದು ಜೀಪನ್ನು ರಸ್ತೆಯಿಂದ ಕೆಳಗಿಳಿಸಿದರೆ? ಅರ್ಧ ನಿಮಿಷದಲ್ಲಿ ಮೂಡಿದ ಚಕ್ರದ ಗುರುತು ಹಲವಾರು ದಶಕ ಹಾಗೆಯೇ ಉಳಿಯುತ್ತದೆ. ಅಳಿಸಲು ಅಲ್ಲಿ ಮಳೆಯಿಲ್ಲ, ಮುಚ್ಚಲು ಹುಲ್ಲಿಲ್ಲ.

ಹತ್ತಿರದಲ್ಲೇ ವೆಲ್‌ವಿಚಿಯಾ ಎಂಬ ವಿಚಿತ್ರ ಸಸ್ಯವಿದೆ. ಜೀವನಪೂರ್ತಿ ಇದಕ್ಕೆ ಎರಡೇ ಎಲೆಗಳು. ಅವು ಬುಡದಿಂದ ಬೆಳೆಯುತ್ತಲೇ ಇರುತ್ತವೆ, ಗಾಳಿಗೆ ಸೀಳಿ ಚಿಂದಿಯಂತೆ ಹರಡುತ್ತವೆ. ಕೆಲವು ಗಿಡಗಳಿಗೆ ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ.

ಆನೆ ತೋಡಿದ ಒರತೆ

ಈಗ ಉತ್ತರಕ್ಕೆ ತಿರುಗೋಣ. ವಾಯವ್ಯ ನಮೀಬಿಯಾದ ಹುವಾಬ್, ಹೋನಿಬ್ ಮುಂತಾದ ಒಣ ನದಿಗಳ ಪಾತ್ರದಲ್ಲಿ ಆನೆಗಳು ನಡೆಯುತ್ತವೆ. ಇವು ಬೇರೆ ಜಾತಿಯ ಆನೆಗಳಲ್ಲ, ಆಫ್ರಿಕಾದ ಬಯಲಿನ ಆನೆಗಳೇ. ಆದರೆ ಮರುಭೂಮಿಯ ಬದುಕನ್ನು ಕಲಿತಿವೆ. ಮೇವಿನ ಜಾಗಕ್ಕೂ ನೀರಿನ ಜಾಗಕ್ಕೂ ನಡುವೆ ಹತ್ತಾರು ಕಿ.ಮೀ. ನಡೆಯುತ್ತವೆ. ಎಲ್ಲಿ ನೀರಿದೆ ಎಂಬುದು ಗುಂಪಿನ ಹಿರಿಯ ಹೆಣ್ಣಾನೆಗೆ ನೆನಪಿರುತ್ತದೆ. ಮರಿಗಳು ಅದರ ಹಿಂದೆ ನಡೆದು ದಾರಿ ಕಲಿಯುತ್ತವೆ.

ಬಯಲುಸೀಮೆಯ ಮಕ್ಕಳು ಬೇಸಿಗೆಯಲ್ಲಿ ಹಳ್ಳದ ಮರಳು ಬಗೆದು ಒರತೆ ತೆಗೆಯುವುದನ್ನು ನೋಡಿರುತ್ತೀರಿ. ಈ ಆನೆಗಳೂ ಕಾಲು, ಸೊಂಡಿಲುಗಳಿಂದ ಹಾಗೆಯೇ ಒರತೆ ತೋಡುತ್ತವೆ. ಅವು ಕುಡಿದು ಹೋದ ಮೇಲೆ ಬೇರೆ ಪ್ರಾಣಿಗಳು, ಹಕ್ಕಿಗಳು ಅದೇ ನೀರಿಗೆ ಬರುತ್ತವೆ.

ಆದರೆ ಅಲ್ಲಿ ಮೇಕೆ, ದನ ಸಾಕಿಕೊಂಡಿರುವ ಜನರೂ ಇದ್ದಾರೆ. ಅವರ ಕೊಳವೆಬಾವಿಯ ನೀರಿನ ವಾಸನೆ ಹಿಡಿದು ಆನೆಗಳು ಬರುತ್ತವೆ. ತೊಟ್ಟಿ, ಪೈಪುಗಳನ್ನು ಮುರಿಯುತ್ತವೆ. ಆಗ ಇಡೀ ಊರಿಗೆ ನೀರಿಲ್ಲ. ಇದಕ್ಕೆ ಕೆಲವು ಕಡೆ ಪಂಪಿನ ಸುತ್ತ ದಪ್ಪ ಕಲ್ಲಿನ ಗೋಡೆ ಕಟ್ಟಿದ್ದಾರೆ. ಆನೆಗಳಿಗೆಂದೇ ಬೇರೆ ತೊಟ್ಟಿ ಇಟ್ಟಿದ್ದಾರೆ. 1996ರ ಒಂದು ಕಾನೂನಿನಂತೆ ಹಳ್ಳಿಯ ಜನರೇ ಸಂಘ ಕಟ್ಟಿಕೊಂಡು ವನ್ಯಜೀವಿಗಳನ್ನು ನೋಡಿಕೊಳ್ಳುತ್ತಾರೆ. ಪ್ರವಾಸಿಗಳಿಂದ ಬರುವ ಹಣದಲ್ಲಿ ಅವರಿಗೂ ಪಾಲಿದೆ. ಇಂತಹ ಸಂಘಗಳು ಈಗ 80ಕ್ಕೂ ಹೆಚ್ಚು ಇವೆ.

ಎಲ್ಲ ಕಷ್ಟವೂ ಇದರಿಂದ ತೀರಿದೆಯೇ? ಇಲ್ಲ. 2024ರಲ್ಲಿ ಭೀಕರ ಬರ ಬಂದಿತು. ಆಗ 83 ಆನೆಗಳೂ ಸೇರಿ 723 ಕಾಡುಪ್ರಾಣಿಗಳನ್ನು ಕೊಂದು, ಹಸಿದ ಜನರಿಗೆ ಮಾಂಸ ಹಂಚುವ ನಿರ್ಧಾರವನ್ನು ಅಲ್ಲಿನ ಸರ್ಕಾರ ಪ್ರಕಟಿಸಿತು. ಇದು ಸರಿಯೇ ತಪ್ಪೇ ಎಂದು ಪ್ರಪಂಚದಾದ್ಯಂತ ಚರ್ಚೆ ನಡೆಯಿತು. ನೀವೇನು ಹೇಳುತ್ತೀರಿ? ಉತ್ತರ ಹೇಳುವ ಮುನ್ನ ಆನೆಯ ಜಾಗದಲ್ಲಿ ಒಮ್ಮೆ, ಒಣಗಿದ ಹೊಲದ ಮುಂದೆ ನಿಂತ ರೈತನ ಜಾಗದಲ್ಲಿ ಒಮ್ಮೆ ನಿಂತು ಯೋಚಿಸಿ.

ಎಟೋಷಾದ ನೀರಿನ ಹೊಂಡ

ನಮ್ಮ ಕೊನೆಯ ನಿಲುಗಡೆ ಎಟೋಷಾ ರಾಷ್ಟ್ರೀಯ ಉದ್ಯಾನ. ಇದರ ನಡುವೆ ಸುಮಾರು 4800 ಚದರ ಕಿ.ಮೀ. ವಿಸ್ತಾರದ ಉಪ್ಪಿನ ಬಯಲಿದೆ. ಬಯಲಿನ ಅಂಚಿನಲ್ಲಿ ನೀರಿನ ಹೊಂಡಗಳಿವೆ. ಇಲ್ಲಿ ಪ್ರಾಣಿಗಳನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಮಳೆಯಿಲ್ಲದ ಒಣ ತಿಂಗಳುಗಳಲ್ಲಿ ಹೊಂಡದ ಬಳಿ ಜೀಪು ನಿಲ್ಲಿಸಿ, ಸದ್ದು ಮಾಡದೆ ಕಾದರೆ ಸಾಕು. ಜೀಬ್ರಾ, ಜಿರಾಫೆ, ಉಷ್ಟ್ರಪಕ್ಷಿ, ಆನೆ, ಸಿಂಹ ಎಲ್ಲವೂ ನೀರಿಗೆ ಬರುತ್ತವೆ.

ಸ್ಯಾಂಡ್‌ಗ್ರೌಸ್ ಎಂಬ ಪಾರಿವಾಳದ ಗಾತ್ರದ ಹಕ್ಕಿಯನ್ನು ಗಮನಿಸಿ. ಗಂಡು ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ಚೆನ್ನಾಗಿ ನೆನೆಸಿಕೊಳ್ಳುತ್ತದೆ. ಆ ಗರಿಗಳು ಸ್ಪಂಜಿನಂತೆ ನೀರನ್ನು ಹಿಡಿದಿಡುತ್ತವೆ. ದೂರದ ಗೂಡಿಗೆ ಹಾರಿಹೋದಾಗ ಮರಿಗಳು ತಂದೆಯ ಗರಿಗಳನ್ನು ಚೀಪಿ ನೀರು ಕುಡಿಯುತ್ತವೆ!

ಚೀತಾ, ಅಂದರೆ ಸಿವಂಗಿಗೆ ಬೇಟೆಯ ಮೈಯಲ್ಲಿರುವ ನೀರೇ ಬಹುಮಟ್ಟಿಗೆ ಸಾಕು. ನಮ್ಮ ದೇಶದಲ್ಲಿ ಈ ಪ್ರಾಣಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಗಿತ್ತು. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋ ಉದ್ಯಾನಕ್ಕೆ ಎಂಟು ಚೀತಾಗಳು ಬಂದವಲ್ಲ, ಅವು ಬಂದದ್ದು ಇದೇ ನಮೀಬಿಯಾದಿಂದ.

ನಮ್ಮ ಪ್ರವಾಸ ಮುಗಿಯಿತು. ನಾವು ನೀರನ್ನು ಡಬ್ಬಿಗಳಲ್ಲಿ ಹೊತ್ತು ತಂದಿದ್ದೆವು. ಅಲ್ಲಿನ ಜೀವಿಗಳು ಒಂದೊಂದು ಹನಿಯನ್ನೂ ಮಂಜಿನಿಂದ, ಗೆಡ್ಡೆಯಿಂದ, ಮರಳಿನಡಿಯಿಂದ ಸಂಪಾದಿಸಿಕೊಂಡಿವೆ. ಆದ್ದರಿಂದಲೇ ಅಲ್ಲಿಗೆ ಹೋಗುವವರು ರಸ್ತೆ ಬಿಟ್ಟು ಇಳಿಯಬಾರದು, ನೀರಿನ ದಾರಿಯಲ್ಲಿರುವ ಪ್ರಾಣಿಗಳಿಗೆ ಅಡ್ಡ ನಿಲ್ಲಬಾರದು.

ಮಾಡಿ ನೋಡಿ

1. ಶಾಲೆಯ ಅಂಗಳದಲ್ಲಿ ಸಡಿಲ ಮರಳನ್ನು ಹರಡಿ. ಒಂದು ಇಟ್ಟಿಗೆಯನ್ನು ಮೊದಲು ನೆಟ್ಟಗೆ ನಿಲ್ಲಿಸಿ, ಆಮೇಲೆ ಅಗಲವಾಗಿ ಮಲಗಿಸಿ. ಯಾವಾಗ ಹೆಚ್ಚು ಹೂತಿತು? ಏಕೆ? ಜೀಪಿನ ಟಯರಿನೊಂದಿಗೆ ಹೋಲಿಸಿ.

2. ಚಳಿಗಾಲದ ಬೆಳಿಗ್ಗೆ ಬೇಲಿಯಲ್ಲಿರುವ ಜೇಡರ ಬಲೆಯನ್ನು ನೋಡಿ. ಹನಿಗಳು ಎಲ್ಲಿ ಕುಳಿತಿವೆ? ಬಿಸಿಲೇರಿದ ಮೇಲೆ ಏನಾದವು?

3. ಈ ಲೇಖನದಲ್ಲಿ ಬಂದ ಜೀವಿಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ನೀರು ಎಲ್ಲಿಂದ ಸಿಗುತ್ತದೆ ಎಂದು ಎದುರಿಗೆ ಬರೆಯಿರಿ. ಕೊನೆಯ ಸಾಲಿನಲ್ಲಿ ನಿಮ್ಮ ಊರಿನ ಹೆಸರು ಬರೆದು, ನಿಮ್ಮ ಮನೆಗೆ ಬರುವ ನೀರು ಎಲ್ಲಿಯದು ಎಂದು ಹಿರಿಯರನ್ನು ಕೇಳಿ ತುಂಬಿಸಿ.