ಹೊಸ್ತಿಲಾಚೆಯ ದಾಂಪತ್ಯ: ಜೊತೆಪ್ರಯಾಣ ಕಲಿಸುವ ಪಾಠಗಳು

ದಾಂಪತ್ಯದ ಬಹುಪಾಲು ನಡೆಯುವುದು ಮನೆಯೊಳಗೆ. ಅಡುಗೆ ಯಾರದು, ಹಣದ ಲೆಕ್ಕ ಯಾರದು, ನೆಂಟರಿಷ್ಟರಿಗೆ ಫೋನು ಮಾಡುವವರು ಯಾರು, ಬೆಳಗ್ಗೆ ಮೊದಲು ಏಳುವವರು ಯಾರು ಎಂಬುದೆಲ್ಲ ಮದುವೆಯಾದ ಕೆಲವೇ ವರ್ಷಗಳಲ್ಲಿ, ಯಾರೂ ಕೂತು ತೀರ್ಮಾನಿಸದೆಯೇ ನಿಗದಿಯಾಗಿಬಿಡುತ್ತದೆ. ಆಮೇಲೆ ಆ ಹಂಚಿಕೆಯನ್ನು ಮತ್ತೆ ನೋಡುವ ಸಂದರ್ಭ ಬರುವುದೇ ಅಪರೂಪ. ಪ್ರಯಾಣ ಅಂಥದೊಂದು ಸಂದರ್ಭ. ಊರು ಬಿಟ್ಟ ಕೂಡಲೇ ಅಡುಗೆಮನೆ, ಕಚೇರಿ, ಅಂಗಡಿ, ವಾಕಿಂಗಿನ ಗೆಳೆಯರು, ಸಂಜೆಯ ಧಾರಾವಾಹಿ ಎಲ್ಲವೂ ಹಿಂದುಳಿದು, ದಿನದಲ್ಲಿ ನಾಲ್ಕೈದು ತಾಸು ಮಾತ್ರ ಎದುರುಬದುರಾಗುತ್ತಿದ್ದ ಇಬ್ಬರು ಹಗಲಿರುಳೂ ಒಂದೇ ಕೋಣೆ, ಒಂದೇ ಬೋಗಿ, ಒಂದೇ ಊಟದ ಮೇಜನ್ನು ಹಂಚಿಕೊಳ್ಳಬೇಕಾಗುತ್ತದೆ. ಜೊತೆಪ್ರಯಾಣ ದಂಪತಿಗಳಿಗೆ ಕೊಡುವ ಸಂತೋಷವೂ ತರುವ ಮನಸ್ತಾಪವೂ ಹೆಚ್ಚಾಗಿ ಹುಟ್ಟುವುದು ಹೀಗೆ ಪಾತ್ರಗಳು ಕದಲುವುದರಿಂದಲೇ ಎಂಬುದನ್ನು ಹಳೆಯ ಯಾತ್ರಾ ಸಂಪ್ರದಾಯ, ಮನಶ್ಶಾಸ್ತ್ರದ ಪ್ರಯೋಗಗಳು ಮತ್ತು ಸಾಮಾನ್ಯ ಪ್ರವಾಸಿಗಳ ಅನುಭವ ಬೇರೆ ಬೇರೆ ದಾರಿಯಿಂದ ತೋರಿಸಿಕೊಡುತ್ತವೆ.

ಯಾತ್ರೆ ಎಂಬ ನೆವ

ಕನ್ನಡನಾಡಿನಲ್ಲಿ ಗಂಡ-ಹೆಂಡತಿ ಜೊತೆಯಾಗಿ ದೂರದ ಊರಿಗೆ ಹೊರಡಲು ಬಹುಕಾಲ ಇದ್ದ ದೊಡ್ಡ ನೆವವೆಂದರೆ ತೀರ್ಥಯಾತ್ರೆ. ರಾಮೇಶ್ವರದ ಮರಳನ್ನು ಪ್ರಯಾಗದ ಸಂಗಮದಲ್ಲಿ ಬಿಟ್ಟು, ಗಂಗೆಯ ನೀರನ್ನು ರಾಮೇಶ್ವರಕ್ಕೆ ಒಯ್ದು ಅಭಿಷೇಕ ಮಾಡಿಸುವ ಕಾಶಿ-ರಾಮೇಶ್ವರ ಯಾತ್ರೆಯನ್ನು ಮಕ್ಕಳ ಮದುವೆ ಮುಂತಾದ ಜವಾಬ್ದಾರಿಗಳು ಮುಗಿದ ಮೇಲೆ ದಂಪತಿಗಳು ಕೈಗೊಳ್ಳುವುದು ವಾಡಿಕೆ. ಈ ಯಾತ್ರೆಯಲ್ಲಿ ಪ್ರಯಾಗಕ್ಕೆ ಹೋದ ದಕ್ಷಿಣದ ದಂಪತಿಗಳು ನೆರವೇರಿಸುವ ಒಂದು ವಿಧಿ ವೇಣೀದಾನ, ಅಂದರೆ ಮುತ್ತೈದೆಯು ತನ್ನ ಜಡೆಯ ತುದಿಯನ್ನು ತ್ರಿವೇಣಿ ಸಂಗಮಕ್ಕೆ ಅರ್ಪಿಸುವುದು. ಹೆಂಡತಿ ಗಂಡನ ಅನುಮತಿ ಕೇಳಿ ಅವನ ಮುಂದೆ ಕುಳಿತ ಮೇಲೆ, ಗಂಡ ತನ್ನ ಕೈಯಾರೆ ಆಕೆಯ ತಲೆ ಬಾಚಿ, ಜಡೆ ಹೆಣೆದು, ಹೂ ಮುಡಿಸಿ, ತುದಿಯನ್ನು ಕತ್ತರಿಸುತ್ತಾನೆ. ಹಾಗೆ ಬಿಟ್ಟ ಕೂದಲು ತೇಲದೆ ಮುಳುಗುತ್ತದೆ ಎಂಬುದು ಯಾತ್ರಿಕರ ನಂಬಿಕೆ. ಮೂವತ್ತು ವರ್ಷ ಸಂಸಾರ ಮಾಡಿಯೂ ಒಮ್ಮೆಯೂ ಹೆಂಡತಿಯ ಬಾಚಣಿಗೆ ಮುಟ್ಟದ ಗಂಡನ ಬೆರಳುಗಳು ಮೂರು ಎಳೆಗಳ ನಡುವೆ ತಡಕಾಡಿದರೆ, ಹೆಂಡತಿ ಕತ್ತು ತಿರುಗಿಸದೆಯೇ ಯಾವ ಎಳೆ ಯಾವುದರ ಮೇಲೆ ಬರಬೇಕೆಂದು ಹೇಳಿಕೊಡಬೇಕಾಗುತ್ತದೆ. ಮನೆಯಲ್ಲಿ ಎಂದೂ ನಡೆಯದ ಕೆಲಸವೊಂದನ್ನು ಊರಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ ಶಾಸ್ತ್ರವೇ ಕಡ್ಡಾಯಗೊಳಿಸುತ್ತದೆ. ಯಾತ್ರೆಯ ಫಲ ಏನೇ ಇರಲಿ, ಒಬ್ಬರಿಗೆ ಕಲಿಯುವ, ಇನ್ನೊಬ್ಬರಿಗೆ ಕಲಿಸುವ ಅವಕಾಶವನ್ನಂತೂ ಅದು ಒದಗಿಸುತ್ತದೆ.

ಪ್ರಯೋಗಾಲಯದ ಸಾಕ್ಷ್ಯ

ಹೊಸ ಕೆಲಸವನ್ನು ಜೊತೆಯಾಗಿ ಮಾಡುವುದರಿಂದ ದಂಪತಿಗಳಿಗೆ ಆಗುವುದೇನು ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು ಪ್ರಯೋಗಕ್ಕೆ ಒಳಪಡಿಸಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಜೋಡಿಗಳ ಮಣಿಕಟ್ಟು ಮತ್ತು ಪಾದದ ಗಂಟುಗಳನ್ನು ವೆಲ್ಕ್ರೋ ಪಟ್ಟಿಯಿಂದ ಒಂದಕ್ಕೊಂದು ಬಿಗಿದು, ನಡುವೆ ಒಂದು ದಿಂಬನ್ನು ಕೈ ಬಳಸದೆ ಹಿಡಿದುಕೊಂಡು, ಚಾಪೆಯ ಮೇಲೆ ಅಂಬೆಗಾಲಿಡುತ್ತ ಅಡ್ಡಗಟ್ಟೆಯನ್ನು ದಾಟುವಂತೆ ಹೇಳಲಾಯಿತು. ಇನ್ನು ಕೆಲವು ಜೋಡಿಗಳಿಗೆ ಚೆಂಡೊಂದನ್ನು ನಿಧಾನವಾಗಿ ಉರುಳಿಸುತ್ತ ಹೋಗುವ ಸಪ್ಪೆ ಕೆಲಸ ಸಿಕ್ಕಿತು. ಏಳು ನಿಮಿಷದ ಈ ಆಟದ ನಂತರ, ತಮ್ಮ ಸಂಬಂಧದ ಬಗೆಗಿನ ತೃಪ್ತಿ ಮೊದಲ ಗುಂಪಿನಲ್ಲಿಯೇ ಹೆಚ್ಚು ಏರಿದ್ದು ಕಂಡುಬಂತು. ಆರನ್ ಇದನ್ನು ಸ್ವ-ವಿಸ್ತರಣೆ ಎಂಬ ಪರಿಕಲ್ಪನೆಯಿಂದ ವಿವರಿಸುತ್ತಾರೆ. ಪ್ರೀತಿಯ ಆರಂಭದಲ್ಲಿ ಎದುರಿನವರ ಲೋಕವೇ ಹೊಸದಾಗಿರುವುದರಿಂದ ಪ್ರತಿಯೊಬ್ಬರೂ ತಾವು ಬೆಳೆಯುತ್ತಿರುವಂತೆ ಭಾವಿಸುತ್ತಾರೆ; ವರ್ಷಗಳು ಕಳೆದು ಆ ಹೊಸತನ ಬರಿದಾದಾಗ, ಇಬ್ಬರೂ ಕೂಡಿ ಎದುರಿಸುವ ಅಪರಿಚಿತ ಸನ್ನಿವೇಶ ಅದನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ. ಭಾಷೆ ತಿಳಿಯದ ಊರಿನಲ್ಲಿ ಕೊನೆಯ ಬಸ್ಸು ಹಿಡಿಯುವುದು ಈ ಆಟಕ್ಕಿಂತ ತೀರ ಭಿನ್ನವೇನಲ್ಲ.

ಆದರೆ ಸಂತೋಷವೆಲ್ಲವೂ ಪ್ರಯಾಣದ ದಿನಗಳಲ್ಲಿಯೇ ಇರುತ್ತದೆ ಎನ್ನುವಂತಿಲ್ಲ. ನೆದರ್‌ಲ್ಯಾಂಡ್ಸ್‌ನ 1,530 ವಯಸ್ಕರನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರವಾಸಕ್ಕೆ ಹೊರಡಲಿರುವವರು ಹೊರಡದವರಿಗಿಂತ ಹೆಚ್ಚು ಸಂತೋಷವಾಗಿದ್ದದ್ದು ಹೊರಡುವುದಕ್ಕೆ ಮೊದಲು. ಮರಳಿ ಬಂದ ಮೇಲೆ, ತೀರ ನಿರಾಳವಾಗಿ ರಜೆ ಕಳೆದವರನ್ನು ಬಿಟ್ಟರೆ, ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಎದುರುನೋಡುವುದೇ ಪ್ರವಾಸದ ದೊಡ್ಡ ಗಳಿಕೆಯಾಗಿದ್ದರೆ, ರೈಲು, ವಸತಿ, ನೋಡುವ ಸ್ಥಳಗಳ ಪಟ್ಟಿ ಎಲ್ಲವನ್ನೂ ಒಬ್ಬರೇ ಮುಗಿಸಿ ಹೊರಡುವ ಹಿಂದಿನ ದಿನ ಇನ್ನೊಬ್ಬರಿಗೆ ತಿಳಿಸುವ ಮನೆಗಳಲ್ಲಿ ಆ ಗಳಿಕೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎದುರುನೋಡುವುದನ್ನೇ ಜೀವನಕ್ರಮವಾಗಿಸಿಕೊಂಡ ದಂಪತಿಗಳೆಂದರೆ ಕೊಚ್ಚಿಯ ಕೆ.ಆರ್. ವಿಜಯನ್ ಮತ್ತು ಮೋಹನಾ. ಶ್ರೀ ಬಾಲಾಜಿ ಕಾಫಿ ಹೌಸ್ ಎಂಬ ಪುಟ್ಟ ಚಹಾ ಅಂಗಡಿಯನ್ನು ನಡೆಸುತ್ತಿದ್ದ ಇವರು ದಿನದ ಸಂಪಾದನೆಯಲ್ಲಿ 300 ರೂಪಾಯಿಯನ್ನು ಪ್ರವಾಸಕ್ಕೆಂದೇ ತೆಗೆದಿಟ್ಟು, ಸಾಲದ ಹಣವನ್ನೂ ಸೇರಿಸಿಕೊಂಡು ವಿದೇಶಕ್ಕೆ ಹೋಗಿ ಬಂದು, ಮತ್ತೆ ಅಂಗಡಿಯಲ್ಲಿ ದುಡಿದು ಸಾಲ ತೀರಿಸಿ, ಮುಂದಿನ ದೇಶಕ್ಕೆ ಕೂಡಿಡಲು ತೊಡಗುತ್ತಿದ್ದರು. 2021ರ ನವೆಂಬರ್‌ನಲ್ಲಿ ವಿಜಯನ್ ನಿಧನರಾಗುವ ಹೊತ್ತಿಗೆ ಇಬ್ಬರೂ ಜೊತೆಯಾಗಿ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳನ್ನು ನೋಡಿದ್ದರು. ಕೊನೆಯದು ಅದಕ್ಕೆ ಹಿಂದಿನ ತಿಂಗಳಷ್ಟೇ ಮುಗಿಸಿದ ರಷ್ಯಾ ಪ್ರವಾಸ. ಗಲ್ಲಾದ ಹಣವನ್ನು ದಿನವೂ ತೆಗೆದಿಡುವಾಗ ಆ ನಿರ್ಧಾರ ಇಬ್ಬರದೂ ಆಗಿರಬೇಕಾಗುತ್ತದೆ. ಒಬ್ಬರ ಹಠದಿಂದ ಒಂದು ಪ್ರವಾಸ ನಡೆದೀತು, ಇಷ್ಟು ದೇಶಗಳ ಪ್ರವಾಸ ನಡೆಯಲಾರದು.

ಮನಸ್ತಾಪ ಹುಟ್ಟುವ ಜಾಗಗಳು

ದಂಪತಿಗಳು ದಾರಿಯಲ್ಲಿ ಜಗಳವಾಡುವುದು ದೊಡ್ಡ ವಿಷಯಗಳಿಗಲ್ಲ. ಬೆಳಗಿನ ಐದಕ್ಕೇ ಎದ್ದು ದೇವಸ್ಥಾನದ ಸಾಲಿನಲ್ಲಿ ನಿಲ್ಲಬೇಕೆನ್ನುವವರಿಗೂ ರಜೆಯೆಂದರೆ ನಿದ್ದೆ ಎನ್ನುವವರಿಗೂ, ಪಟ್ಟಿಯಲ್ಲಿರುವ ಎಲ್ಲವನ್ನೂ ನೋಡಲೇಬೇಕೆನ್ನುವವರಿಗೂ ಒಂದೇ ಕಟ್ಟೆಯ ಮೇಲೆ ಸಂಜೆಯವರೆಗೆ ಕೂರಬಲ್ಲವರಿಗೂ ನಡುವೆ ಇರುವ ಗತಿಯ ಅಂತರವೇ ಹೆಚ್ಚಿನ ಕಿರಿಕಿರಿಯ ಮೂಲ. ಮನೆಯಲ್ಲಿ ಈ ಅಂತರ ಗೊತ್ತಾಗದಂತೆ ಪ್ರತ್ಯೇಕ ದಿನಚರಿಗಳು ಕಾಪಾಡಿರುತ್ತವೆ. ದಿನಕ್ಕೆ ಒಂದೆರಡು ತಾಸು ಬೇರೆ ಬೇರೆಯಾಗಿ ಕಳೆದು, ಗೊತ್ತಾದ ಹೊತ್ತಿಗೆ ಗೊತ್ತಾದ ಜಾಗದಲ್ಲಿ ಸೇರುವುದು ಪ್ರೀತಿಯ ಕೊರತೆಯೆಂದು ಭಾವಿಸದ ದಂಪತಿಗಳಿಗೆ, ಸಂಜೆಯ ಊಟಕ್ಕೆ ಕೂತಾಗ ಹೇಳಲು ಹೊಸ ಮಾತುಗಳಾದರೂ ಇರುತ್ತವೆ.

ಇನ್ನೊಂದು ಸಂಗತಿ ಕಣ್ಣಿಗೆ ಬೀಳದೇ ಹೋಗುವಂಥದು. ದೂರದ ಬಸ್ ಪ್ರಯಾಣದಲ್ಲಿ ಅನೇಕ ಹೆಂಗಸರು ಬೆಳಗಿನಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಬಸ್ಸು ನಿಂತ ಕಡೆ ಶೌಚಾಲಯ ಸರಿಯಾಗಿರುತ್ತದೆಂಬ ಭರವಸೆ ಅವರಿಗೆ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬರುವ ತಲೆನೋವು, ಸಿಡುಕಿಗೆ ಕಾರಣ ಅದೇ ಎಂದು ಪಕ್ಕದ ಸೀಟಿನಲ್ಲಿರುವ ಗಂಡನಿಗೆ ಹೊಳೆಯುವುದೇ ಇಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಹೆಂಡತಿಯನ್ನು ಕೇಳಿ ಗೊತ್ತುಮಾಡುವ ಗಂಡ ಆ ಸಿಡುಕನ್ನು ಹುಟ್ಟುವ ಮೊದಲೇ ತಪ್ಪಿಸಿರುತ್ತಾನೆ. ರೈಲಿನಲ್ಲಿ ಆರ್‌ಎಸಿ ಟಿಕೆಟ್, ಅಂದರೆ ಒಂದು ಬದಿಯ ಕೆಳಬರ್ತನ್ನು ಎರಡು ಆಸನಗಳಾಗಿ ಮಾಡಿ ಇಬ್ಬರಿಗೆ ಕೊಡುವ ವ್ಯವಸ್ಥೆ, ದಂಪತಿಗಳ ಪಾಲಿಗೆ ಇನ್ನೊಂದು ಪರೀಕ್ಷೆ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮುದುರಬೇಕಾದ ಆ ರಾತ್ರಿಯಲ್ಲಿ ಪಾಳಿಯ ಮೇಲೆ ಮಲಗುವುದನ್ನು ಮೊದಲೇ ಮಾತಾಡಿಕೊಂಡವರಿಗಷ್ಟೇ ತುಸು ನಿದ್ದೆ.

ಹಣ ಯಾರ ಕೈಯಲ್ಲಿದೆ ಎಂಬುದು ಎಲ್ಲಿಗೆ ಹೋಗಬೇಕೆಂಬುದನ್ನೂ ನಿರ್ಧರಿಸುತ್ತದೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸಾರಿಗೆಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ, ಧರ್ಮಸ್ಥಳಕ್ಕೋ ಕುಕ್ಕೆಗೋ ಹೊರಡುವ ಜೋಡಿಯಲ್ಲಿ ಹೆಂಡತಿಗೆ ಶೂನ್ಯ ದರದ ಟಿಕೆಟ್ ಸಿಗುತ್ತದೆ, ದುಡ್ಡು ಕೊಟ್ಟು ಟಿಕೆಟ್ ಪಡೆಯಬೇಕಾದವನು ಗಂಡ. ಖರ್ಚಿನ ನೆಪ ಅರ್ಧಕ್ಕಿಳಿದಾಗ ಹೊರಡುವ ಪ್ರಸ್ತಾಪವನ್ನು ಹೆಂಡತಿಯೇ ಮುಂದಿಡುವುದು ಸುಲಭವಾಗುತ್ತದೆ. ದೂರದ ಪ್ರವಾಸದಲ್ಲಾದರೆ ಬ್ಯಾಂಕಿನ ಓಟಿಪಿ, ಯುಪಿಐ, ಹೋಟೆಲಿನ ಬುಕಿಂಗ್ ಎಲ್ಲವೂ ಒಬ್ಬರದೇ ಫೋನಿನಲ್ಲಿರುವುದು ಅಪಾಯಕಾರಿ. ಆ ಫೋನು ಕಳೆದುಹೋದರೆ ಇಬ್ಬರೂ ಏಕಕಾಲಕ್ಕೆ ಕೈ ಬರಿದಾದವರಾಗುತ್ತಾರಾದ್ದರಿಂದ, ಇಬ್ಬರ ಬಳಿಯೂ ಬೇರೆ ಬೇರೆ ಖಾತೆಯ ಕಾರ್ಡು, ಸ್ವಲ್ಪ ನಗದು ಮತ್ತು ದಾಖಲೆಗಳ ಪ್ರತಿ ಇರುವುದು ಲೇಸು.

ವಿದೇಶದಲ್ಲಿರುವ ಮಕ್ಕಳ ಮನೆಗೆ ಬಾಣಂತನಕ್ಕೆಂದು ಹೋಗುವ ಕನ್ನಡಿಗ ತಂದೆತಾಯಿಗಳ ಪ್ರಯಾಣದಲ್ಲಿ ಪಾತ್ರಪಲ್ಲಟ ಇನ್ನೂ ತೀವ್ರವಾಗಿರುತ್ತದೆ. ಅಮೆರಿಕದ ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವ ಆರು ತಿಂಗಳವರೆಗಿನ ವಾಸದಲ್ಲಿ ತಾಯಿಗೆ ಮಗುವಿನ ಎಣ್ಣೆನೀರು, ಬಾಣಂತಿಯ ಪಥ್ಯ ಎಂದು ಬಿಡುವಿಲ್ಲದ ಕೆಲಸವಿದ್ದರೆ, ಬೆಳಗಿನ ಪತ್ರಿಕೆ, ಬ್ಯಾಂಕು, ಉದ್ಯಾನದ ಬೆಂಚು ಎಲ್ಲವನ್ನೂ ಕಳೆದುಕೊಂಡ ತಂದೆ ಕಾರಿಲ್ಲದೆ ಹೊರಗೆ ಹೋಗಲಾಗದ ಬಡಾವಣೆಯಲ್ಲಿ ಕಿಟಕಿಯ ಬಳಿ ಕೂರುತ್ತಾನೆ. ಪಾತ್ರೆ ತೊಳೆಯುವುದನ್ನೋ ಮೊಮ್ಮಗುವನ್ನು ಆಡಿಸುವುದನ್ನೋ ಅಲ್ಲಿ ರೂಢಿಸಿಕೊಂಡ ಗಂಡಸರಿಗೆ ಆ ತಿಂಗಳುಗಳು ಸಹನೀಯವಾಗುತ್ತವೆ.

ಮರಳಿದ ಮೇಲೆ

ಒಂದು ಅನುಭವವನ್ನು ಮನಸ್ಸು ನೆನಪಿಡುವುದು ಅದರ ಒಟ್ಟು ಅವಧಿಯಿಂದಲ್ಲ, ಅದರ ತೀವ್ರ ಗಳಿಗೆ ಮತ್ತು ಕೊನೆಯ ಗಳಿಗೆಗಳಿಂದ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಪ್ರಯೋಗಗಳಲ್ಲಿ ತೋರಿಸಿದರು. ಕೊನೆಯ ದಿನಕ್ಕೆ ಮೂರು ಊರುಗಳನ್ನು ತುರುಕಿ, ಸುಸ್ತಾಗಿ, ಪರಸ್ಪರ ಮಾತು ಬಿಟ್ಟು ಮನೆ ಸೇರುವುದಕ್ಕಿಂತ ಆ ದಿನವನ್ನು ಖಾಲಿ ಬಿಡುವುದು ಮೇಲು ಎಂಬ ಸಲಹೆಗೆ ಇಲ್ಲಿ ಆಧಾರವಿದೆ.

ಆದರೂ ನೆನಪುಗಳಷ್ಟೇ ಉಳಿದರೆ ಜೊತೆಪ್ರಯಾಣದ ಲಾಭ ಚಿಕ್ಕದು. ದಾರಿಯಲ್ಲಿ ದಾಖಲೆ ಕಾಯ್ದವಳು, ವಿಳಾಸ ಕೇಳಿದವಳು, ಬಾಡಿಗೆಗೆ ಚೌಕಾಶಿ ಮಾಡಿದವಳು ಮನೆಗೆ ಬಂದ ಕೂಡಲೇ ಬ್ಯಾಂಕಿನ ಕೆಲಸ ತನಗೆ ತಿಳಿಯದೆಂದು ಹಿಂದೆ ಸರಿದರೆ, ಹೋಟೆಲಿನ ಕೋಣೆಯಲ್ಲಿ ಬಟ್ಟೆ ಒಗೆದು ಹರವಿದವನು ಮನೆಯಲ್ಲಿ ಬಕೆಟ್ಟನ್ನು ಗುರುತಿಸದಿದ್ದರೆ, ಪ್ರವಾಸ ಕದಲಿಸಿದ ಪಾತ್ರಗಳು ಹಳೆಯ ಜಾಗಕ್ಕೇ ಹೋಗಿ ಕೂತವೆಂದು ಅರ್ಥ. ದಾರಿಯಲ್ಲಿ ಬದಲಾದ ಹಂಚಿಕೆಯಲ್ಲಿ ಒಂದೆರಡನ್ನಾದರೂ ಮನೆಯಲ್ಲಿ ಮುಂದುವರಿಸಿದ ದಂಪತಿಗಳಿಗೆ ಮಾತ್ರ ಖರ್ಚು ಮಾಡಿದ ಹಣ ಪೂರ್ತಿ ವಸೂಲಾಗುತ್ತದೆ. ಈವರೆಗೆ ಎಂದೂ ಟಿಕೆಟ್ ಕಾಯ್ದಿರಿಸದವರು ಮುಂದಿನ ಪ್ರವಾಸದ ಟಿಕೆಟ್ಟನ್ನು ತಾವೇ ಕಾಯ್ದಿರಿಸುವುದು ಅದಕ್ಕೆ ಒಳ್ಳೆಯ ಆರಂಭ.