ಮಂದ್ರನಾದಕ್ಕೆ ಗೋಡೆಯ ನೆರವು

ಕಳೆದ ವರ್ಷ ನಮ್ಮ ಶಾಲೆಯ ಮಕ್ಕಳಿಗೆ ಒಂದು ಚಲನಚಿತ್ರವನ್ನು ತೋರಿಸುವ ಏರ್ಪಾಡಾಗಿತ್ತು. ಪೋಷಕರ ವಂತಿಗೆಯಿಂದ ಕೊಂಡ ಧ್ವನಿ ಸಲಕರಣೆಗಳಲ್ಲಿ, ತಗ್ಗು ಧ್ವನಿಗೆಂದೇ ಇರುವ ಸಬ್‌ವೂಫರ್ ಎಂಬ ಪೆಟ್ಟಿಗೆಯೂ ಇದ್ದಿತು. ಎಲ್ಲರಿಗೂ ಸಮನಾಗಿ ಕೇಳಲೆಂದು ಅದನ್ನು ಕೊಠಡಿಯ ನಟ್ಟನಡುವೆ ಇರಿಸಿದೆವು. ಆದರೆ ಚಿತ್ರದಲ್ಲಿ ಗುಡುಗು ಮೊಳಗಿದಾಗ ತಗಡನ್ನು ಅಲುಗಿಸಿದಂತೆ ಕೇಳಿಸಿತೇ ಹೊರತು ಗುಡುಗಿನ ಗಾಂಭೀರ್ಯವು ಬರಲಿಲ್ಲ. “ಇದು ಸಾಲದು ಮಾಸ್ತರೇ, ಇನ್ನೂ ದೊಡ್ಡದೊಂದನ್ನು ತರಿಸೋಣ” ಎಂದು ಪೋಷಕರೊಬ್ಬರು ಸೂಚಿಸಿದರು. ಮತ್ತೊಮ್ಮೆ ವಂತಿಗೆ ಎತ್ತುವುದಕ್ಕೆ ಮೊದಲು ಪೆಟ್ಟಿಗೆಯನ್ನು ಗೋಡೆಯ ಬದಿಗೆ ಸರಿಸಿ ನೋಡಿದೆವು. ಗುಡುಗು ಗುಡುಗಾಯಿತು! ಇದರ ಕಾರಣವನ್ನು ಮಕ್ಕಳೂ ಹಿರಿಯರೂ ಅರಿತಿರುವುದು ಲೇಸು.

ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ವೇಗದಿಂದ ಸಂಚರಿಸುತ್ತದೆ. ಸೆಕೆಂಡಿಗೆ 1000 ಸಲ ಕಂಪಿಸುವ ಧ್ವನಿಯ ಒಂದು ಅಲೆಯ ಉದ್ದವು ಸುಮಾರು 34 ಸೆಂಟಿಮೀಟರು. 40 ಸಲ ಕಂಪಿಸುವ ಮಂದ್ರನಾದದ ಅಲೆಯಾದರೋ ಎಂಟೂವರೆ ಮೀಟರು. ಇಂತಹ ನೀಳವಾದ ಅಲೆಯು ಪುಟ್ಟ ಪೆಟ್ಟಿಗೆಯಿಂದ ಒಂದೇ ದಿಕ್ಕಿಗೆ ಹೊರಡದೆ ಸುತ್ತಲೂ ಹರಡುತ್ತದೆ. ಹಿಂದಕ್ಕೂ ಹೋಗಿ, ಗೋಡೆಗೆ ತಾಗಿ, ಮರಳಿ ಬರುತ್ತದೆ. ಪೆಟ್ಟಿಗೆಯು ಗೋಡೆಗೆ ಸಮೀಪದಲ್ಲಿದ್ದರೆ ಮರಳಿದ ಅಲೆಯು ತಡವಾಗದೆ ನೇರವಾದ ಅಲೆಯೊಡನೆ ಕೂಡಿಕೊಳ್ಳುತ್ತದೆ. ಉಯ್ಯಾಲೆಯನ್ನು ಅದು ಹೋಗುವ ಕಡೆಗೇ ಇನ್ನೊಬ್ಬನು ನೂಕಿದಂತೆ ಬಲವು ಹೆಚ್ಚುತ್ತದೆ. ಗಟ್ಟಿಯಾದ ಒಂದು ಗೋಡೆಯಿಂದ ಹೆಚ್ಚೆಂದರೆ 6 ಡೆಸಿಬೆಲ್ ಲಾಭ. ಮೂಲೆಯಲ್ಲಿ ಎರಡನೆಯ ಗೋಡೆಯಿಂದ ಮತ್ತೊಂದು 6. ನಿಜವಾದ ಕೊಠಡಿಗಳಲ್ಲಿ ಇದಕ್ಕಿಂತ ಕಡಮೆಯೇ ದೊರೆಯುತ್ತದೆ.

ಪೆಟ್ಟಿಗೆಯು ಗೋಡೆಯಿಂದ ದೂರವಿದ್ದರೆ ಅದೇ ಗೋಡೆಯು ಹಗೆಯಾಗಬಹುದು. 1.4 ಮೀಟರು ದೂರದಲ್ಲಿರಿಸಿದರೆ, ಸೆಕೆಂಡಿಗೆ 60 ಸಲ ಕಂಪಿಸುವ ಅಲೆಯು ಅರ್ಧ ಅಲೆಯಷ್ಟು ಹಿಂದೆ ಬಿದ್ದು ಮರಳುತ್ತದೆ. ಆಗ ಒಂದು ಏರುವಾಗ ಇನ್ನೊಂದು ಇಳಿದು, ಎರಡೂ ಒಂದನ್ನೊಂದು ಕುಗ್ಗಿಸುತ್ತವೆ.

ಎರಡನೆಯ ಕಾರಣವು ಕೊಠಡಿಯ ಅಳತೆಯಲ್ಲಿಯೇ ಇದೆ. 6 ಮೀಟರು ಉದ್ದದ ಕೊಠಡಿಯಲ್ಲಿ, ಸೆಕೆಂಡಿಗೆ ಸುಮಾರು 29 ಸಲ ಕಂಪಿಸುವ ಧ್ವನಿಯು ಎರಡು ತುದಿಗೋಡೆಗಳ ನಡುವೆ ಹೋಗಿಬಂದು ನೆಲೆ ನಿಲ್ಲುತ್ತದೆ. ಗಾಳಿಯ ಒತ್ತಡದ ಏರಿಳಿತವು ಗೋಡೆಗಳ ಬಳಿ ಅತ್ಯಧಿಕ, ನಡುವೆ ಅತ್ಯಲ್ಪ. ಆದುದರಿಂದ ನಡುವೆ ಇರಿಸಿದ ಪೆಟ್ಟಿಗೆಯು ಈ ನಾದವನ್ನು ಎಬ್ಬಿಸಲಾರದು. ನಡುವೆ ಕುಳಿತವನಿಗೂ ಅದು ಚೆನ್ನಾಗಿ ಕೇಳಿಸದು.

ಹಾಗೆಂದು ಮೂಲೆಯೇ ಎಲ್ಲೆಡೆಯೂ ಶ್ರೇಷ್ಠವೆಂದು ತಿಳಿಯಬಾರದು. ಕೆಲವು ಕೊಠಡಿಗಳಲ್ಲಿ ಅಲ್ಲಿ ನಾದವು ಮಿತಿಮೀರಿ, ಮಾತು ಕೂಡ ಮಸುಕಾಗುವುದುಂಟು. ಕಾಸರಗೋಡಿನ ಕಡೆಯ ನಮ್ಮ ಹಂಚಿನ ಮನೆಗಳಲ್ಲಿ ಮಾಡಿನ ಸಂದುಗಳಿಂದಲೂ ತೆರೆದ ಜಗಲಿಯಿಂದಲೂ ಮಂದ್ರನಾದವು ಹೊರಗೆ ಹೋಗುವುದರಿಂದ, ತಾರಸಿ ಮನೆಯಲ್ಲಿ ದೊರೆಯುವಷ್ಟು ಲಾಭವು ದೊರೆಯದು. ಪೆಟ್ಟಿಗೆಗೆ ಗಾಳಿ ಬಿಡುವ ರಂಧ್ರವು ಹಿಂದುಗಡೆ ಇದ್ದರೆ ನಾಲ್ಕು ಬೆರಳಿನಷ್ಟಾದರೂ ತೆರವು ಬಿಡಬೇಕು.

ಸರಿಯಾದ ಸ್ಥಳವನ್ನು ಕಂಡುಹಿಡಿಯಲು ಸುಲಭವಾದೊಂದು ಉಪಾಯವಿದೆ. ನೀವು ಕುಳಿತು ಕೇಳುವ ಜಾಗದಲ್ಲಿಯೇ ಪೆಟ್ಟಿಗೆಯನ್ನಿರಿಸಿ, ಮಂದ್ರನಾದವು ತುಂಬಿದ ಹಾಡೊಂದನ್ನು ನುಡಿಸಿರಿ. ಬಳಿಕ ಗೋಡೆಯ ಅಂಚಿನಲ್ಲಿ ನೆಲದ ಸಮೀಪಕ್ಕೆ ಬಾಗಿ, ಮೆಲ್ಲನೆ ಸಾಗುತ್ತ ಆಲಿಸಿರಿ. ಎಲ್ಲಿ ನಾದವು ತುಂಬಿಯೂ ಸ್ಪಷ್ಟವಾಗಿಯೂ ಕೇಳುವುದೋ ಅಲ್ಲಿಗೆ ಪೆಟ್ಟಿಗೆಯನ್ನು ತನ್ನಿರಿ. ಎರಡು ಬಿಂದುಗಳ ನಡುವೆ ಧ್ವನಿಯು ಯಾವ ಕಡೆಯಿಂದ ಹೊರಟರೂ ಅದರ ಪರಿಣಾಮವು ಒಂದೇ ಆದುದರಿಂದ ಈ ಪರೀಕ್ಷೆಯು ಫಲಿಸುತ್ತದೆ.

ಮಂದ್ರನಾದವು ಗೋಡೆಯನ್ನು ದಾಟಿ ನೆರೆಮನೆಗೂ ಹೋಗುತ್ತದೆಂಬುದನ್ನು ಮಾತ್ರ ಮರೆಯದಿರಿ. ನಮ್ಮ ಶಾಲೆಯ ಪೆಟ್ಟಿಗೆಯು ಈಗಲೂ ಆ ಗೋಡೆಯ ಬದಿಯಲ್ಲಿಯೇ ಇದೆ. ಎರಡನೆಯ ಪೆಟ್ಟಿಗೆಗೆ ಬೇಕಾಗುತ್ತಿದ್ದ ಹಣವು ಪೋಷಕರ ಕೈಯಲ್ಲಿಯೇ ಉಳಿದಿದೆ.