ಬಿ.ಎ. ಪದವಿಯಲ್ಲಿ ಕಾಣೆಯಾದ ಊರು

ಭಾರತದಲ್ಲಿ ಪದವಿ ತರಗತಿಗಳಿಗೆ ಸೇರಿದವರ ಪೈಕಿ ಅತಿ ಹೆಚ್ಚು ಮಂದಿ ಇರುವುದು ಬಿ.ಎ.ಯಲ್ಲಿ, ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯು 2021–22ರ ಸಾಲಿಗೆ ಕೊಟ್ಟ ಲೆಕ್ಕದಂತೆ ಈ ಒಂದು ಪದವಿಯಲ್ಲೇ ಸುಮಾರು 1.13 ಕೋಟಿ ವಿದ್ಯಾರ್ಥಿಗಳಿದ್ದರು. ಕರ್ನಾಟಕದಲ್ಲಿ ಅದರ ದೊಡ್ಡ ಹೊರೆಯನ್ನು ಹೊತ್ತಿರುವುದು ತಾಲ್ಲೂಕು ಕೇಂದ್ರಗಳಲ್ಲಿಯೂ ಕೆಲವು ಹೋಬಳಿಗಳಲ್ಲಿಯೂ ಇರುವ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಕೂಡಿದರೆ ಅಲ್ಲಿ ಅದು ‘ಎಚ್‌ಇಪಿ’. ರಾಜ್ಯಶಾಸ್ತ್ರದ ಜಾಗಕ್ಕೆ ಸಮಾಜಶಾಸ್ತ್ರ ಬಂದರೆ ‘ಎಚ್‌ಇಎಸ್’, ಐಚ್ಛಿಕ ಕನ್ನಡ ಬಂದರೆ ‘ಎಚ್‌ಇಕೆ’. ಈ ಕಾಂಬಿನೇಷನ್‌ಗಳಲ್ಲಿ ಒಂದನ್ನು ವಿದ್ಯಾರ್ಥಿ ಆರಿಸಿಕೊಳ್ಳುವುದು ಸಾಮಾನ್ಯವಾಗಿ ವಿಷಯದ ಮೇಲಿನ ಒಲವಿನಿಂದಲ್ಲ, ಮುಂದೆ ಬಿ.ಇಡ್.ಗೆ ಯಾವುದು ಅನುಕೂಲ, ಎಫ್‌ಡಿಎ, ಪಿಡಿಒ ಮೊದಲಾದ ಸರ್ಕಾರಿ ನೌಕರಿಯ ಪರೀಕ್ಷೆಗೆ ಯಾವುದು ನೆರವಾದೀತು, ಆ ಕಾಲೇಜಿನಲ್ಲಿ ಯಾವ ವಿಷಯಕ್ಕೆ ಪಾಠ ಮಾಡುವವರಿದ್ದಾರೆ ಎಂಬ ಲೆಕ್ಕಾಚಾರದಿಂದ. ಈ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಒಲವು ಎಂಬುದು ತುಸು ದುಬಾರಿಯ ವಸ್ತು. ಆಕ್ಷೇಪ ಇರಬೇಕಾದದ್ದು ಬೇರೆಡೆ: ಮೂರು ವರ್ಷಗಳ ಈ ಓದು ಸಮಾಜವಿಜ್ಞಾನಗಳು ಕಂಡುಕೊಂಡ ತೀರ್ಮಾನಗಳನ್ನು ವಿದ್ಯಾರ್ಥಿಯ ಕೈಗೆ ಕೊಡುತ್ತದೆ, ಆದರೆ ಆ ತೀರ್ಮಾನಗಳನ್ನು ಮುಟ್ಟುವ ದಾರಿಯನ್ನು ತೋರಿಸುವುದಿಲ್ಲ.

ಕಳೆದ ಕೆಲವು ವರ್ಷಗಳ ಚರ್ಚೆಯೆಲ್ಲ ಪದವಿಯ ಅವಧಿ ಮತ್ತು ಚೌಕಟ್ಟಿನ ಸುತ್ತಲೇ ನಡೆಯಿತು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021–22ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ಕರ್ನಾಟಕವು ನಾಲ್ಕು ವರ್ಷಗಳ ಆನರ್ಸ್ ಪದವಿಗೆ ಬಾಗಿಲು ತೆರೆದು, ಮೂರು ಐಚ್ಛಿಕ ವಿಷಯಗಳ ಜಾಗಕ್ಕೆ ಎರಡನ್ನು ತಂದಿತು, 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಗಿ, ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024–25ರಿಂದ ಮೂರು ವರ್ಷಗಳ, ಮೂರು ವಿಷಯಗಳ ಪದವಿ ಮರಳಿತು. ವಿಷಯಗಳು ಎರಡಾದರೂ ಮೂರಾದರೂ ತೀರ್ಮಾನಗಳನ್ನಷ್ಟೇ ಒಪ್ಪಿಸುವ ತರಗತಿಯೊಳಗಿನ ರೂಢಿ ಮಾತ್ರ ಹೆಚ್ಚು ಬದಲಾಗಲಿಲ್ಲ.

ಈ ರೂಢಿಯೇ ಅನಿವಾರ್ಯವೆಂದು ನಂಬಬೇಕಾಗಿಲ್ಲ ಎಂಬುದಕ್ಕೆ ಮೈಸೂರಿನಲ್ಲೇ ಹಳೆಯ ನಿದರ್ಶನವೊಂದಿದೆ. 1930ರ ದಶಕದಲ್ಲಿ ಮಹಾರಾಜಾ ಕಾಲೇಜಿನ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಎ.ಆರ್. ವಾಡಿಯಾ ಅವರ ನೇತೃತ್ವದಲ್ಲಿ ‘ಸಾಮಾಜಿಕ ತತ್ತ್ವಶಾಸ್ತ್ರ’ ಎಂಬ ಆನರ್ಸ್ ಕೋರ್ಸು ನಡೆಯುತ್ತಿತ್ತು. ಸಮಾಜಶಾಸ್ತ್ರ, ನೀತಿಶಾಸ್ತ್ರ, ರಾಜಕೀಯ ಚಿಂತನೆಗಳನ್ನು ಒಂದೇ ಓದಿನೊಳಗೆ ತರಲು ಯತ್ನಿಸಿದ ಈ ಕೋರ್ಸಿನಲ್ಲಿ ಪದವಿ ಪಡೆದ ಎಂ.ಎನ್. ಶ್ರೀನಿವಾಸ್ ಮುಂದೆ ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಬಳಿಯೂ ಆಮೇಲೆ ಆಕ್ಸ್‌ಫರ್ಡಿನಲ್ಲಿಯೂ ಅಧ್ಯಯನ ಮಾಡಿದರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಹೊರಬಂದ ಅವರ ಗ್ರಂಥದಿಂದ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ, ಅಂದರೆ ಕೆಳಗಿನ ಜಾತಿಯೊಂದು ಮೇಲಿನ ಜಾತಿಯ ಆಚಾರ, ಆಹಾರ, ಆರಾಧನೆಗಳನ್ನು ಅನುಸರಿಸಿ ತನ್ನ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವ ಪ್ರಕ್ರಿಯೆ, ಪ್ರಚಾರಕ್ಕೆ ಬಂದಿತು. ಇಂದು ಬಿ.ಎ. ವಿದ್ಯಾರ್ಥಿ ಈ ವ್ಯಾಖ್ಯೆಯನ್ನು ಹತ್ತು ಅಂಕದ ಉತ್ತರವಾಗಿ ಬರೆಯಬಲ್ಲ. ಆದರೆ 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಶ್ರೀನಿವಾಸ್ ತಿಂಗಳುಗಟ್ಟಲೆ ನೆಲೆಸಿ, ಜಗಳ, ಪಂಚಾಯ್ತಿ, ಹಬ್ಬ, ಸಾಲಗಳನ್ನೆಲ್ಲ ಟಿಪ್ಪಣಿ ಮಾಡಿಕೊಂಡದ್ದು, ಜನರ ಗುರುತು ಬಯಲಾಗದಿರಲೆಂದು ಊರಿಗೆ ‘ರಾಂಪುರ’ ಎಂದು ಬೇರೆ ಹೆಸರಿಟ್ಟದ್ದು, 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆ ಟಿಪ್ಪಣಿಗಳನ್ನು ಸಂಸ್ಕರಿಸಿ ಸಿದ್ಧಪಡಿಸಿದ ಪ್ರತಿಗಳು ಆಹುತಿಯಾದ ಮೇಲೆ ನೆನಪನ್ನೇ ಬಹುಮಟ್ಟಿಗೆ ಆಧಾರವಾಗಿಟ್ಟುಕೊಂಡು 1976ರ ಹೊತ್ತಿಗೆ ಆ ಹಳ್ಳಿಯ ಪುಸ್ತಕವನ್ನು ಹೊರತಂದದ್ದು, ಇವು ಪಾಠದ ಅಂಚಿಗೆ ಸರಿದುಹೋಗುತ್ತವೆ. ಜನರ ನಡುವೆ ಬಾಳುತ್ತ ಅವರನ್ನು ಗಮನಿಸುವ ಈ ‘ಸಹಭಾಗಿ ಅವಲೋಕನ’ವೇ ಆ ಶಾಸ್ತ್ರದ ಕಸುಬು, ವ್ಯಾಖ್ಯೆ ಅದರ ಫಲ ಮಾತ್ರ.

ಮೂರು ವಿಷಯಗಳ ವ್ಯವಸ್ಥೆಯ ಸಮರ್ಥಕರು ಅದರಿಂದ ಸಮಾಜದ ಸಮಗ್ರ ನೋಟ ದೊರೆಯುತ್ತದೆ ಎನ್ನುತ್ತಾರೆ, ಮತ್ತು ಆ ಮಾತಿನಲ್ಲಿ ಹುರುಳಿದೆ. ಆದರೆ ಸಮಗ್ರತೆ ತಾನಾಗಿಯೇ ಒದಗುವುದಿಲ್ಲ ಎಂಬುದನ್ನು ಕರ್ನಾಟಕದ ಭೂಸುಧಾರಣೆಯ ಪಾಠದಿಂದ ತಿಳಿಯಬಹುದು. ಇತಿಹಾಸದ ತರಗತಿಯಲ್ಲಿ ಅದು 1951ರ ಕಾಗೋಡು ಸತ್ಯಾಗ್ರಹವಾಗಿ ಬರುತ್ತದೆ: ಸಾಗರ ತಾಲ್ಲೂಕಿನಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಹೊತ್ತಿಕೊಂಡ ಗೇಣಿದಾರರ ಹೋರಾಟ. ರಾಜ್ಯಶಾಸ್ತ್ರದಲ್ಲಿ ಅದೇ ಸಂಗತಿ ದೇವರಾಜ ಅರಸರ ಆಳ್ವಿಕೆಯಾಗಿಯೂ, 1961ರ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ ಗೇಣಿ ಪದ್ಧತಿಯನ್ನು ರದ್ದುಪಡಿಸಿದ್ದಾಗಿಯೂ ಕಾಣಿಸುತ್ತದೆ. ಅರ್ಥಶಾಸ್ತ್ರದಲ್ಲಿ ಅದು ಹಿಡುವಳಿ ಮತ್ತು ಇಳುವರಿಯ ಪ್ರಶ್ನೆ. ಸಮಾಜಶಾಸ್ತ್ರದಲ್ಲಿ ‘ಪ್ರಬಲ ಜಾತಿ’ಯ ಪ್ರಶ್ನೆ, ಅಂದರೆ ಊರಿನಲ್ಲಿ ಸಂಖ್ಯೆ, ಜಮೀನು, ಅಧಿಕಾರಗಳಲ್ಲಿ ಮೇಲುಗೈ ಪಡೆದು, ಜಾತಿಶ್ರೇಣಿಯಲ್ಲಿಯೂ ತೀರ ಕೆಳಗಿಲ್ಲದ ಸಮುದಾಯದ ಪ್ರಶ್ನೆ. ನಾಲ್ಕು ತರಗತಿಗಳು, ನಾಲ್ಕು ನೋಟ್ಸ್, ನಾಲ್ಕು ಪ್ರಶ್ನೆಪತ್ರಿಕೆ. ಅವೆಲ್ಲ ಒಂದೇ ಗದ್ದೆಯ ಕುರಿತಾದ ಮಾತುಗಳೆಂಬ ಅರಿವು ಬಹುಪಾಲು ವಿದ್ಯಾರ್ಥಿಗಳಿಗೆ ಬರುವುದೇ ಇಲ್ಲ.

ಅವನ್ನು ಒಂದೆಡೆ ಇಟ್ಟು ನೋಡಿದಾಗ ಮಾತ್ರ ನಿಜವಾದ ಪ್ರಶ್ನೆಗಳು ಏಳುತ್ತವೆ. ಒಕ್ಕಲು ತನ್ನ ಖರ್ಚಿನಿಂದ ಗೊಬ್ಬರ ಹಾಕಿ ಬೆಳೆಸಿದ ಹೆಚ್ಚುವರಿ ಫಸಲಿನಲ್ಲಿ ಅರ್ಧ ಒಡೆಯನಿಗೆ ಹೋಗುವುದಾದರೆ ಆತ ಹೆಚ್ಚು ಬೆಳೆಸಲು ಮನಸ್ಸು ಮಾಡಲಾರ ಎಂಬುದು ಅರ್ಥಶಾಸ್ತ್ರದ ಹಳೆಯ ವಾದ. ಆದರೆ ಈ ವಾದ ನಿಲ್ಲುವುದು ಪಾಲಿನ ಬೇಸಾಯದಲ್ಲಿ. ಗೇಣಿ ಇಂತಿಷ್ಟು ಮುಡಿ ಅಕ್ಕಿ ಎಂದು ಮೊದಲೇ ನಿಗದಿಯಾಗಿದ್ದ ಕಡೆ ಹೆಚ್ಚುವರಿಯೆಲ್ಲ ಒಕ್ಕಲಿಗೇ ಉಳಿಯುತ್ತಿತ್ತು, ಅಲ್ಲಿನ ತೊಡಕು ಬೇರೆಯದಾಗಿತ್ತು. ಕರಾವಳಿಯ ಮೂಲಗೇಣಿದಾರನಿಗೆ ಶಾಶ್ವತ ಹಕ್ಕಿದ್ದರೆ, ಚಾಲಗೇಣಿಯವನನ್ನು ಒಡೆಯ ಎಬ್ಬಿಸಬಹುದಾಗಿತ್ತು. ಮುಂದಿನ ವರ್ಷ ಇದೇ ಗದ್ದೆ ತನ್ನ ಕೈಯಲ್ಲಿರುತ್ತದೆಯೋ ಇಲ್ಲವೋ ತಿಳಿಯದವನು ತೋಟ ಎಬ್ಬಿಸಲಾರ. ಆದ್ದರಿಂದ ‘ಗೇಣಿ ಪದ್ಧತಿಯ ದೋಷಗಳು’ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ತನ್ನ ತಾಲ್ಲೂಕಿನಲ್ಲಿ ಯಾವ ಬಗೆಯ ಗೇಣಿ ಇತ್ತು ಎಂದು ವಿಚಾರಿಸುವುದರಿಂದ ವಿದ್ಯಾರ್ಥಿ ಹೆಚ್ಚು ಕಲಿಯುತ್ತಾನೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಕಾನೂನು ಜಮೀನು ಕೊಟ್ಟದ್ದು ಗೇಣಿದಾರನಿಗೆ. ಆ ಗೇಣಿದಾರನ ಹೊಲದಲ್ಲಿ ಕೂಲಿಗೆ ದುಡಿಯುತ್ತಿದ್ದ ಭೂಹೀನ ದಲಿತನಿಗೆ ಅರ್ಜಿ ಹಾಕಲು ಆಧಾರವೇ ಇರಲಿಲ್ಲ. ಹಾಗಿದ್ದ ಮೇಲೆ ಈ ಸುಧಾರಣೆಯಿಂದ ಊರಿನ ಯಾವ ಜಾತಿಯ ಬಲ ಹೆಚ್ಚಿತು, ಯಾರ ಬಲ ಕುಗ್ಗಿತು, ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿದ 2020ರ ತಿದ್ದುಪಡಿಯ ನಂತರ ಅದೇ ಸರ್ವೆ ನಂಬರುಗಳು ಯಾರ ಹೆಸರಿಗೆ ಹೋಗುತ್ತಿವೆ? ಕಾಂಬಿನೇಷನ್ನಿನ ಯಾವ ಒಂದು ವಿಷಯವೂ ಒಂಟಿಯಾಗಿ ಇದಕ್ಕೆ ಉತ್ತರಿಸಲಾರದು.

ಉತ್ತರ ಹುಡುಕುವ ಸಾಮಗ್ರಿ ದೂರದಲ್ಲಿಲ್ಲ. ಪಹಣಿ ಇದೆ, ಭೂ ನ್ಯಾಯಮಂಡಳಿಗಳ ಮುಂದೆ ಹೋದ ಗೇಣಿದಾರರ ನಮೂನೆ 7ರ ಅರ್ಜಿಗಳ ನೆನಪು ಹಿರಿಯರಲ್ಲಿದೆ, ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಹಳ್ಳಿವಾರು ಅಂಕಿಗಳಿವೆ. ಹಳೆಯ ಮೈಸೂರಿನ ವಿದ್ಯಾರ್ಥಿಯಂತೂ ಭಾಗ್ಯವಂತ: ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ, 1800–01ರಲ್ಲಿ ಈ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಅಂದಿನ ಬೆಳೆ, ಕೂಲಿ, ಕಂದಾಯಗಳ ವಿವರಗಳಿವೆ. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರಕ್ಕಾಗಿ ಬರೆದ ಬುಕಾನನ್ ಏನನ್ನು ಕೇಳಿದ, ಏನನ್ನು ಕೇಳಲಿಲ್ಲ ಎಂದು ಗಮನಿಸುವುದೇ ಆಕರ ವಿಮರ್ಶೆಯ, ಅಂದರೆ ದಾಖಲೆಯನ್ನು ಬರೆದವನ ಉದ್ದೇಶವನ್ನೂ ಸೇರಿಸಿಕೊಂಡು ಓದುವ ವಿದ್ಯೆಯ, ಮೊದಲ ಪಾಠವಾಗಬಲ್ಲದು.

ಕೆಲವು ಪಠ್ಯಕ್ರಮಗಳಲ್ಲಿ ‘ಸಂಶೋಧನಾ ವಿಧಾನ’ ಎಂಬ ಪತ್ರಿಕೆ ಇದ್ದೇ ಇದೆ. ದುರ್ದೈವವೆಂದರೆ ಅದನ್ನೂ ಗೈಡ್ ನೋಡಿ ಓದಿ ಪಾಸಾಗಬಹುದು. ಮಾದರಿ ಆಯ್ಕೆ ಎಂದರೆ ಇಡೀ ಸಮುದಾಯವನ್ನು ಪ್ರತಿನಿಧಿಸುವಂತೆ ಕೆಲವರನ್ನು ಆರಿಸುವುದು ಎಂದು ಬರೆದವನು, ಬೆಳಗ್ಗೆ ಹಾಲಿನ ಡೇರಿಯ ಮುಂದೆ ನಿಂತು ಪ್ರಶ್ನಾವಳಿ ತುಂಬಿಸಿಕೊಂಡರೆ ಹಸುವಿಲ್ಲದ ಮನೆಗಳು ಲೆಕ್ಕಕ್ಕೇ ಸಿಗುವುದಿಲ್ಲವೆಂದು ಸ್ವತಃ ಎಡವಿದಾಗಲೇ ಅದರ ಅರ್ಥವನ್ನು ತಿಳಿಯುತ್ತಾನೆ. ಸಾಲವೆಷ್ಟು ಎಂದು ನೆರೆಹೊರೆಯವರ ಎದುರು ಕೇಳಬಾರದು, ಗಂಡಸಿನ ಬಾಯಿಂದ ಹೆಂಗಸಿನ ದುಡಿಮೆಯ ಲೆಕ್ಕ ಪಡೆಯಬಾರದು ಎಂಬ ಎಚ್ಚರಗಳೂ ಹೀಗೆಯೇ ಬರುವಂಥವು.

ಈ ಮಾತಿಗೆ ಅಧ್ಯಾಪಕರ ಕಡೆಯಿಂದ ನ್ಯಾಯವಾದ ಉತ್ತರವಿದೆ. ಅನೇಕ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ಕೆಲಸ ಉಳಿಯುವುದೇ ಎಂದು ತಿಳಿಯದವರಿಂದ ವರ್ಷಗಟ್ಟಲೆ ನಡೆಯುವ ಊರಿನ ಅಧ್ಯಯನವನ್ನು ನಿರೀಕ್ಷಿಸುವುದು, ಚಾಲಗೇಣಿಯವನಿಂದ ತೋಟವನ್ನು ನಿರೀಕ್ಷಿಸಿದಂತೆಯೇ. ಸೆಮಿಸ್ಟರಿನ ದಿನಗಳಲ್ಲಿ ಬಹುಪಾಲು ಪರೀಕ್ಷೆ, ಇಂಟರ್ನಲ್ಸ್ ಮತ್ತು ಅಂಕಗಳ ಅಪ್‌ಲೋಡಿಗೆ ಕರಗುತ್ತವೆ. ಕನ್ನಡದಲ್ಲಿ ಓದುವ ಸಾಮಗ್ರಿಯ ಕೊರತೆಯೂ ಇದೆ: 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಕುವೆಂಪು ಅವರು ಪದವಿ ಮಟ್ಟದಲ್ಲಿ ಕನ್ನಡ ಮಾಧ್ಯಮಕ್ಕೂ ಕನ್ನಡ ಪಠ್ಯಪುಸ್ತಕಗಳಿಗೂ ಕೊಟ್ಟ ಚಾಲನೆ ದೊಡ್ಡದು, ಆದರೆ ಪಠ್ಯಪುಸ್ತಕದಾಚೆಗೆ, ಒಂದು ಊರನ್ನೋ ಒಂದು ಕಸುಬನ್ನೋ ಹಿಡಿದು ಮಾಡಿದ ಅಧ್ಯಯನಗಳು ಪದವಿ ವಿದ್ಯಾರ್ಥಿಯ ಕೈಗೆಟುಕುವ ಕನ್ನಡದಲ್ಲಿ ಇನ್ನೂ ಸಾಲದು. ಅವನ್ನು ಬರೆಯಬೇಕಾದವರು ಇದೇ ತರಗತಿಗಳಿಂದ ಬರಬೇಕಲ್ಲವೇ ಎಂಬುದು ಈ ತೊಡಕಿನ ಇನ್ನೊಂದು ಮುಖ.

ಹೊಸ ಪಠ್ಯಕ್ರಮಗಳನ್ನು ರೂಪಿಸುವ ವಿಶ್ವವಿದ್ಯಾನಿಲಯಗಳ ಅಧ್ಯಯನ ಮಂಡಳಿಗಳು ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದಲ್ಲ. ಕೊನೆಯ ವರ್ಷದಲ್ಲಿ ಮೂರೂ ವಿಷಯಗಳಿಂದ ಒಂದೊಂದು ಸಿದ್ಧಾಂತ ಪತ್ರಿಕೆಯ ಅಂಕಗಳನ್ನು ಕಡಿತ ಮಾಡಿ, ಆ ಜಾಗದಲ್ಲಿ ಮೂರೂ ವಿಭಾಗಗಳು ಜೊತೆಯಾಗಿ ಮಾರ್ಗದರ್ಶನ ನೀಡುವ ಒಂದೇ ಒಂದು ಊರಿನ ಅಧ್ಯಯನವನ್ನು ಕಡ್ಡಾಯಗೊಳಿಸಬೇಕು. ಅದನ್ನು ಕನ್ನಡದಲ್ಲಿ ಬರೆಸಬೇಕು, ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನಿಸಬೇಕು, ಒಳ್ಳೆಯವನ್ನು ಕಾಲೇಜಿನ ಗ್ರಂಥಾಲಯದಲ್ಲಿ ಮುಂದಿನ ತಂಡದ ಓದಿಗೆ ಇಡಬೇಕು. ಅದಕ್ಕೆ ಮೊದಲು ಖಾಲಿ ಹುದ್ದೆಗಳಿಗೆ ಕಾಯಂ ಅಧ್ಯಾಪಕರನ್ನು ನೇಮಿಸಬೇಕಾದ ಹೊಣೆ ಸರ್ಕಾರದ್ದು.